ಕಣ್ಣಪ್ಪ ಕೊಟ್ಟಿದ್ದು ಮಾಂಸ, ನಮ್ಮ ಮನೆಯಲ್ಲಿ ಯಾಕೆ ಬೇಡ?

ಪ್ರಶ್ನೆ: ನಮ್ಮದು ಅಥಣಿ ಕಡೆಯ ಲಿಂಗಾಯತ ಮನೆ. ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರೂಮಿನಲ್ಲಿ ನಾಲ್ವರು ಹುಡುಗರು. ನಮ್ಮವನು, ಚಿಕ್ಕೋಡಿಯ ಜೈನರ ಹುಡುಗ, ವಿಜಯಪುರದ ಮುಸ್ಲಿಂ ಹುಡುಗ, ಜಮಖಂಡಿ ಕಡೆಯ ಕುರುಬರ ಹುಡುಗ. ರಜೆಗೆ ಬಂದವನು ಊಟಕ್ಕೆ ಕೂತಾಗ ಕೇಳಿದ: "ಬೇಡರ ಕಣ್ಣಪ್ಪ ಶಿವನಿಗೆ ಮಾಂಸ ಕೊಟ್ಟ, ಶಿವ ತಿಂದ. ನಾವು ಕಣ್ಣಪ್ಪನಿಗೆ ಕೈ ಮುಗೀತೀವಿ. ಮತ್ತೆ ನಮ್ಮನೇಲಿ ಮಾಂಸ ಯಾಕೆ ಬೇಡ? ಯಾವ ಧರ್ಮ ಹೇಳೋದು ಸರಿ?" ನಾನು "ದೇವರು ಸಿಟ್ಟಾಗ್ತಾನೆ" ಅಂದೆ. ಅವನು ನಕ್ಕುಬಿಟ್ಟ. ಏನು ಹೇಳಬೇಕಿತ್ತು? ಇನ್ನೊಂದು ಮಾತು. ಬಕ್ರೀದ್‌ಗೆ ವಿಜಯಪುರದ ಗೆಳೆಯ ಮನೆಗೆ ಊಟಕ್ಕೆ ಕರೆದಿದ್ದಾನಂತೆ. ಕಳಿಸಬಹುದೇ?

ಉತ್ತರ: ಅಕ್ಕಾವ್ರೆ, ನಿಮ್ಮ ಮಗ ಕೇಳಿದ್ದು ಉಡಾಫೆಯ ಪ್ರಶ್ನೆ ಅಲ್ಲ. ಶಾಸ್ತ್ರ ಓದಿದವರೂ ಇದರ ಮುಂದೆ ತಡವರಿಸುತ್ತಾರೆ. "ದೇವರು ಸಿಟ್ಟಾಗ್ತಾನೆ" ಅನ್ನುವ ಉತ್ತರ ನಿಲ್ಲಲಿಲ್ಲ, ಯಾಕೆಂದರೆ ನಿಮ್ಮ ಸಂಪ್ರದಾಯವೇ ಆ ಕಾರಣ ಕೊಡುವುದಿಲ್ಲ. ಅದು ಕೊಡುವ ಕಾರಣ ಬೇರೆ. ಅಲ್ಲಿಗೆ ಬರುತ್ತೇನೆ.

ಮೊದಲು "ಯಾವ ಧರ್ಮ ಹೇಳೋದು ಸರಿ" ಅನ್ನುವುದನ್ನು ನೋಡೋಣ. ಎಲ್ಲ ಧರ್ಮಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರೆ ಯಾರದು ಸರಿ, ಯಾರದು ತಪ್ಪು ಅಂತ ಹೇಳಬಹುದಿತ್ತು. ಇಲ್ಲಿ ಹಾಗಿಲ್ಲ. ನಿಮ್ಮ ಮಗನ ರೂಮನ್ನೇ ತಗೊಳ್ಳಿ. ಜೈನರ ಹುಡುಗನ ಮನೆಯಲ್ಲಿ ಕೇಳುವುದು "ಎಷ್ಟು ಜೀವ ನೊಂದವು?" ಅಂತ. ಮುಸ್ಲಿಂ ಹುಡುಗನ ಮನೆಯಲ್ಲಿ "ಯಾರ ಹೆಸರಲ್ಲಿ, ಹೇಗೆ ಕೊಯ್ದದ್ದು?" ಅಂತ. ಕುರುಬರ ಹುಡುಗನ ಮನೆಯಲ್ಲಿ "ಇವತ್ತು ಯಾವ ವಾರ, ಯಾವ ದೇವರ ಎಡಿ (ನೈವೇದ್ಯ)?" ಅಂತ. ಒಲೆ ಒಂದೇ, ಪ್ರಶ್ನೆ ಮೂರು. ನಿಮ್ಮದು ನಾಲ್ಕನೆಯದು.

ಚಿಕ್ಕೋಡಿಯ ಹುಡುಗನಿಂದ ಶುರು ಮಾಡುತ್ತೇನೆ, ಈ ವಿಷಯದಲ್ಲಿ ಅತಿ ಕಟ್ಟುನಿಟ್ಟು ಅವರದೇ. ಜೈನರು ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ಗಿಡ, ನೀರು, ಮಣ್ಣಿನಲ್ಲಿರುವುದು ಏಕೇಂದ್ರಿಯ ಜೀವ. ಹುಳು, ಇರುವೆ, ನೊಣ ಹೀಗೆ ಮೇಲೇರುತ್ತ ಹೋದರೆ ಕುರಿ, ಕೋಳಿ, ಮನುಷ್ಯ ಪಂಚೇಂದ್ರಿಯ. ಊಟ ಮಾಡದೆ ಬದುಕಲಾಗದು. ಹಾಗಾದರೆ ಎಷ್ಟು ಕಡಿಮೆ ನೋವಿನಲ್ಲಿ ಬದುಕಬಹುದು ಅನ್ನುವುದು ಅವರ ಲೆಕ್ಕಾಚಾರ. ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡ ಅನ್ನುವುದು ಇದಕ್ಕೇ. ಒಂದೊಂದು ಗಡ್ಡೆಯಲ್ಲೂ ಲೆಕ್ಕವಿಲ್ಲದಷ್ಟು ಜೀವಗಳಿವೆ ಅಂತ ಅವರ ನಂಬಿಕೆ, ಕಿತ್ತರೆ ಗಿಡವೂ ಸತ್ತಂತೆ. ಜೇನುತುಪ್ಪ ಬೇಡ. ಅತ್ತಿ, ಆಲದಂಥ ಹಣ್ಣುಗಳೂ ಬೇಡ, ಒಳಗೆ ಹುಳ ಇರುತ್ತವೆ. ನೀರು ಸೋಸಿ ಕುಡಿಯಬೇಕು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ದೀಪಕ್ಕೆ ಹುಳು ಬಂದು ಬೀಳುತ್ತವಲ್ಲ.

ಆದರೆ ಬೆಳಗಾವಿ ಜಿಲ್ಲೆಯ ದಿಗಂಬರ ಜೈನರಲ್ಲಿ ಬಹಳಷ್ಟು ಜನ ಒಕ್ಕಲುತನದವರು. ಜೈನರೆಂದರೆ ಅಂಗಡಿ, ವ್ಯಾಪಾರ ಅಂತ ಹೊರಗಿನವರು ತಿಳಿಯುತ್ತಾರೆ. ಚಿಕ್ಕೋಡಿ, ರಾಯಬಾಗ ಕಡೆ ಬಂದು ನೋಡಿದರೆ ಗೊತ್ತಾಗುತ್ತದೆ. ನೇಗಿಲು ಹೊಡೆದರೆ ಎರೆಹುಳು ಸಾಯುವುದಿಲ್ಲವೇ? ಇದಕ್ಕೆ ಜೈನ ಶಾಸ್ತ್ರ ಸುಮ್ನೆ ಕಣ್ಣು ಮುಚ್ಚಲಿಲ್ಲ. ಹಿಂಸೆಯನ್ನು ನಾಲ್ಕು ಬಗೆ ಮಾಡಿತು. ಬೇಕೆಂದೇ ಮಾಡುವುದು ಸಂಕಲ್ಪಿ ಹಿಂಸೆ. ಅಡುಗೆ, ಕಸಗುಡಿಸುವಂಥ ಮನೆಗೆಲಸದಲ್ಲಿ ಆಗುವುದು ಆರಂಭಿ. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರಿಂದ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ. ಮುನಿಗಳು ನಾಲ್ಕನ್ನೂ ಬಿಡಬೇಕು. ಸಂಸಾರಿ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದದ್ದನ್ನು ಆದಷ್ಟು ಕಡಿಮೆ ಮಾಡಬೇಕು. ರೈತ ಎರೆಹುಳು ಕೊಲ್ಲಬೇಕೆಂದು ನೇಗಿಲು ಹೂಡುವುದಿಲ್ಲ. ಕುರಿ ಕೊಯ್ಯುವವನು ಕುರಿ ಸಾಯಲೆಂದೇ ಕತ್ತಿ ಎತ್ತುತ್ತಾನೆ. ವ್ಯತ್ಯಾಸ ಇರುವುದು ಮನಸ್ಸಿನಲ್ಲಿ.

ಈ ಮನಸ್ಸಿನ ವಿಚಾರ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ನಮ್ಮ ಕನ್ನಡದಲ್ಲೇ ಒಂದು ಕಥೆ ಇದೆ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'. ರಾಜ ಯಶೋಧರನಿಗೆ ಮನಸ್ಸು ಕೆಟ್ಟಿರುತ್ತದೆ. ದೇವಿಗೆ ಕೋಳಿ ಬಲಿ ಕೊಡು ಅಂತ ತಾಯಿ ಹೇಳುತ್ತಾಳೆ. ಜೀವ ತೆಗೆಯಲಾರೆ ಅಂತ ಮಗ. ಕೊನೆಗೆ ಇಬ್ಬರೂ ರಾಜಿಯಾಗಿ ಹಿಟ್ಟಿನ ಕೋಳಿ ಮಾಡಿಸಿ ಕಡಿಯುತ್ತಾರೆ. ಅದಕ್ಕೇ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಜನ್ಮದ ಮೇಲೆ ಜನ್ಮ ಎತ್ತಿ ನರಳುತ್ತಾರೆ. ಒಂದು ಹನಿ ರಕ್ತ ಬೀಳದಿದ್ದರೂ ಕೊಲ್ಲುವ ಆಟ ಆಡಿದ್ದೇ ಪಾಪ!

ಈಗ ಇದರ ಪಕ್ಕಕ್ಕೆ ಮಾಧ್ವರನ್ನು ಇಟ್ಟು ನೋಡಿ. ಯಜ್ಞದಲ್ಲಿ ಪಶು ಕೊಲ್ಲಬಾರದು, ಹಿಟ್ಟಿನ ಪಶು ಮಾಡಿ ಅರ್ಪಿಸಿ ಅನ್ನುತ್ತದೆ ಅವರ ಪರಂಪರೆ. ಪಿಷ್ಟಪಶು ಅಂತ ಅದಕ್ಕೆ ಹೆಸರು. ಅದೇ ಹಿಟ್ಟು. ಇಲ್ಲಿ ಕೊಲೆ ತಪ್ಪಿಸುವ ದಾರಿ, ಅಲ್ಲಿ ಕೊಲೆಯಷ್ಟೇ ದೋಷ. ಮಾಧ್ವರು ನೋಡಿದ್ದು ಪ್ರಾಣಿಯ ಪ್ರಾಣವನ್ನು, ಜನ್ನ ನೋಡಿದ್ದು ಕೊಲ್ಲುವವನ ಮನಸ್ಸನ್ನು. ಇಬ್ಬರೂ ಸಸ್ಯಾಹಾರಿಗಳೇ. "ಎಲ್ಲ ಸಸ್ಯಾಹಾರಿಗಳದೂ ಒಂದೇ ಮಾತು" ಅಂತ ಯಾರಾದರೂ ಹೇಳಿದರೆ ನಿಮ್ಮ ಮಗ ಈ ಉದಾಹರಣೆ ಕೊಡಲಿ.

ವೈದಿಕರ ಹಳೆಯ ಗ್ರಂಥಗಳಲ್ಲೇ ಎರಡು ದನಿ ಇವೆ. ಮನುಸ್ಮೃತಿಯ ಐದನೆಯ ಅಧ್ಯಾಯ ಓದಿದರೆ ತಲೆ ತಿರುಗುತ್ತದೆ. ಯಜ್ಞಕ್ಕೆ ಕೊಂದದ್ದು ಕೊಲೆಯೇ ಅಲ್ಲ ಅನ್ನುತ್ತದೆ. ಮಾಂಸ ತಿಂದರೆ ದೋಷವಿಲ್ಲ, ಅದು ಜೀವಿಗಳ ಸಹಜ ಗುಣ, ಆದರೆ ಬಿಟ್ಟರೆ ದೊಡ್ಡ ಫಲ ಅಂತಲೂ ಅನ್ನುತ್ತದೆ. ಮಾಂಸ ತಿಂದವನಿಗೆ ಮುಂದೆ ಏನಾಗುತ್ತದೆ ಅಂತ ಹೆದರಿಸುವ ಶ್ಲೋಕಗಳೂ ಅಲ್ಲೇ ಇವೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದ ಸಾತ್ವಿಕ, ರಾಜಸ, ತಾಮಸ ಆಹಾರದ ಪಟ್ಟಿ ಎಲ್ಲರಿಗೂ ಬಾಯಿಪಾಠ. ಆ ಶ್ಲೋಕಗಳಲ್ಲಿ ಮಾಂಸದ ಹೆಸರೇ ಇಲ್ಲ. ಹಳಸಿದ್ದು, ಎಂಜಲು, ಅತಿ ಖಾರ, ಅತಿ ಉಪ್ಪು ಇವೆ. ಅತಿ ಖಾರ ರಾಜಸ ಅಂದರೆ ನಮ್ಮ ಕಡೆಯ ರೊಟ್ಟಿ ಚಟ್ನಿ ಊಟದ ಗತಿ ಏನು ಅಂತ ನನಗೆ ಒಮ್ಮೊಮ್ಮೆ ನಗು ಬರುತ್ತದೆ.

ಮಹಾಭಾರತದ ಧರ್ಮವ್ಯಾಧನ ಕಥೆ ನನಗೆ ಇವೆಲ್ಲಕ್ಕಿಂತ ಇಷ್ಟ. ಕೌಶಿಕ ಅನ್ನುವ ಬ್ರಾಹ್ಮಣ ತಪಸ್ಸು ಮಾಡಿ ಸೊಕ್ಕಿರುತ್ತಾನೆ. ಮಿಥಿಲೆಯಲ್ಲಿ ಮಾಂಸ ಮಾರುವ ಒಬ್ಬನ ಹತ್ತಿರ ಹೋಗಿ ಧರ್ಮ ಕಲಿ ಅಂತ ಒಬ್ಬ ಗೃಹಿಣಿ ಅವನನ್ನು ಕಳಿಸುತ್ತಾಳೆ. ಆ ವ್ಯಾಧ ಹೇಳುತ್ತಾನೆ: ನಾನು ಕೊಲ್ಲುವುದಿಲ್ಲ, ತಿನ್ನುವುದೂ ಇಲ್ಲ, ಹಿರಿಯರಿಂದ ಬಂದ ಕಸುಬು, ಮಾರುತ್ತೇನೆ. ಬೇಸಾಯ ಒಳ್ಳೆಯದು ಅನ್ನುತ್ತೀರಿ, ನೇಗಿಲ ಕೆಳಗೆ ಎಷ್ಟು ಜೀವ ಸಾಯುತ್ತವೆ ನೋಡಿದ್ದೀರಾ? ಚಿಕ್ಕೋಡಿಯ ಜೈನ ರೈತನಿಗೆ ಶಾಸ್ತ್ರ ಉತ್ತರಿಸಿದ ಪ್ರಶ್ನೆಯೇ ಇಲ್ಲಿ ಕಸಾಯಿ ಅಂಗಡಿಯಿಂದ ಬರುತ್ತಿದೆ. ಊಟದ ತಾಟು ನೋಡಿ ಮನುಷ್ಯನನ್ನು ಅಳೆಯುವವರ ಮುಂದೆ ಈ ಕಥೆ ಹೇಳಬೇಕು.

ಇನ್ನು ಕುರುಬರ ಹುಡುಗನ ಮನೆ. ನಮ್ಮ ಹಳ್ಳಿಗಳಲ್ಲಿ ಮಾಂಸ ತಿನ್ನುವವರೆಲ್ಲ ದಿನಾ ತಿನ್ನುವವರಲ್ಲ. ಸೋಮವಾರ ಇಲ್ಲ, ಕೆಲವರಿಗೆ ಶನಿವಾರ ಇಲ್ಲ, ಶ್ರಾವಣ ಪೂರ್ತಿ ಇಲ್ಲ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಶ್ರಾವಣ ಹಿಡಿಯುವ ಮುಂಚೆ ಗಟಾರಿ ಅಮಾವಾಸ್ಯೆ ಅಂತ ಭರ್ಜರಿ ಊಟ ಮುಗಿಸಿಬಿಡುತ್ತಾರೆ. ಹಬ್ಬದ ದಿನ ಹೋಳಿಗೆ, ಮರುದಿನ ಕರಿ, ಕರಿಯ ದಿನ ಖಂಡದ ಅಡುಗೆ. ದೇವರಲ್ಲೂ ಹಾಗೇ. ದ್ಯಾಮವ್ವ, ದುರ್ಗವ್ವನಿಗೆ ಹರಕೆ ಕುರಿ ಬಿಡುವ ಮನೆಯವರೇ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಹೋಳಿಗೆ, ಕಡುಬು, ಪಲ್ಲೆ ಮಾಡಿ ಪಡ್ಡಲಗಿ (ದೇವಿಯ ಬುಟ್ಟಿ) ತುಂಬುತ್ತಾರೆ. ಅಲ್ಲಿ ಅವರಿಗೆ ಯಾವ ಗೊಂದಲವೂ ಇಲ್ಲ. ಆ ತಾಯಿಗೆ ಅದು, ಈ ತಾಯಿಗೆ ಇದು.

ಬಾದಾಮಿ ಹತ್ತಿರದ ಬನಶಂಕರಿಯನ್ನು ನೋಡಿ. ಅವಳ ಇನ್ನೊಂದು ಹೆಸರು ಶಾಕಂಬರಿ. ಬರಗಾಲ ಬಿದ್ದು ಜನ ಸಾಯುತ್ತಿದ್ದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆಸಿ ಉಣಿಸಿದಳು ಅಂತ ಪುರಾಣ. ಬನದ ಹುಣ್ಣಿಮೆ ಜಾತ್ರೆಯ ಹೊತ್ತಿಗೆ ಪಲ್ಲೇದ ಹಬ್ಬ ಮಾಡಿ 108 ಬಗೆಯ ಕಾಯಿಪಲ್ಲೆ ಎಡಿ ಹಿಡಿಯುತ್ತಾರೆ. ಗುಡಿಯ ಹೊರಗೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕಡಕ್ ಜೋಳದ ರೊಟ್ಟಿ, ಅದರ ಮೇಲೆ ಪುಂಡಿಪಲ್ಲೆ, ಕೆಂಪು ಚಟ್ನಿ, ಗಟ್ಟಿ ಮೊಸರು. ಬಂದವರೆಲ್ಲ ನೆಲದ ಮೇಲೇ ಕೂತು ಉಣ್ಣುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ಮಾಂಸ ಉಣ್ಣುವವರೇ ಇರಬಹುದು, ಯಾರೂ ಕೇಳುವುದಿಲ್ಲ. ಬರದ ನಾಡಿನ ದೇವಿ ಕಾಯಿಪಲ್ಲೆ ಕೊಟ್ಟಳು ಅನ್ನುವಾಗ ಅಲ್ಲಿ ಮುಖ್ಯವಾದದ್ದು ಹಸಿವು. ಸಸ್ಯಾಹಾರದ ಉಪದೇಶ ಅಂತ ನಾನು ಅದನ್ನು ಓದುವುದಿಲ್ಲ.

ಒಂದು ಕಾನೂನಿನ ವಿಷಯವೂ ಗೊತ್ತಿರಲಿ. ಕರ್ನಾಟಕದಲ್ಲಿ 1959ರ ಪ್ರಾಣಿಬಲಿ ತಡೆ ಕಾಯ್ದೆ ಇದೆ. ಗುಡಿಯಲ್ಲಿ, ಗುಡಿಯ ಆವರಣದಲ್ಲಿ ಬಲಿ ಕೊಡುವಂತಿಲ್ಲ. ಜಾತ್ರೆ ಬಂತೆಂದರೆ ತಹಶೀಲ್ದಾರರು, ಪೊಲೀಸರು ಕಾವಲು ನಿಲ್ಲುವುದು ಇದಕ್ಕೇ.

ಮುಸ್ಲಿಂ ಹುಡುಗನ ಮನೆಯಲ್ಲಿ ಮಾಂಸ ತಿನ್ನಲು ಅನುಮತಿ ಇದೆ, ತಿನ್ನಲೇಬೇಕು ಅನ್ನುವ ಕಟ್ಟಳೆ ಇಲ್ಲ. ಇದನ್ನು ನಮ್ಮವರು ಬಹಳ ಸಲ ತಪ್ಪು ತಿಳಿಯುತ್ತಾರೆ. ತಾನಾಗಿ ಸತ್ತದ್ದು, ರಕ್ತ, ಹಂದಿ, ಅಲ್ಲಾಹನನ್ನು ಬಿಟ್ಟು ಬೇರೆಯವರ ಹೆಸರಲ್ಲಿ ಕೊಯ್ದದ್ದು, ಇವು ನಿಷಿದ್ಧ. ಕೊಯ್ಯುವಾಗ ಅಲ್ಲಾಹನ ಹೆಸರು ಹೇಳಬೇಕು, ಕತ್ತಿ ಹರಿತವಾಗಿರಬೇಕು, ರಕ್ತ ಪೂರ್ತಿ ಹರಿದುಹೋಗಬೇಕು. ಜೀವ ಕೊಟ್ಟವನು ಅವನು, ಅವನ ಹೆಸರಿಲ್ಲದೆ ತೆಗೆಯುವ ಹಕ್ಕು ನಿನಗಿಲ್ಲ ಅನ್ನುವುದು ಇದರ ಹಿಂದಿನ ಮಾತು. ಬಕ್ರೀದ್ ಕುರ್ಬಾನಿಯ ಬಗ್ಗೆ ಕುರಾನಿನ 22ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ: ಅವುಗಳ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನಿಗೆ ಮುಟ್ಟುವುದಿಲ್ಲ, ಮುಟ್ಟುವುದು ನಿಮ್ಮ ಭಯಭಕ್ತಿ. ಮಾಂಸವನ್ನು ಮೂರು ಪಾಲು ಮಾಡಿ ಮನೆಗೊಂದು, ನೆಂಟರು ಗೆಳೆಯರಿಗೊಂದು, ಬಡವರಿಗೊಂದು ಹಂಚುವುದು ರೂಢಿ.

ಇಲ್ಲೊಂದು ನಮ್ಮೂರ ಕಡೆಯ ಸಂಗತಿ. ಈ ಸೀಮೆಯ ಹಳ್ಳಿಗಳಲ್ಲಿ ಕುರಿ ಕೊಯ್ಯಲು ಮುಲ್ಲಾನನ್ನು ಕರೆಯುವುದು ಹಳೆಯ ವಾಡಿಕೆ. ಕುರಿ ಹಿಂದೂಗಳದು, ಊಟ ಹಿಂದೂಗಳದು, ಕತ್ತಿ ಮುಲ್ಲಾನದು. ಸುಗ್ಗಿಯಲ್ಲಿ ಬಡಿಗ, ಕಂಬಾರನಿಗೆ ಕೊಡುವ ಹಾಗೆ ಅವನಿಗೂ ಕಾಳು ಕೊಡುತ್ತಿದ್ದರು. ಕೊಯ್ಯುವ ಕೆಲಸಕ್ಕೆ ಒಂದು ಕ್ರಮ ಗೊತ್ತಿದ್ದವನು ಬೇಕು ಅಂತ ಊರೇ ಒಪ್ಪಿಕೊಂಡಿತ್ತು.

ಬೌದ್ಧ, ಕ್ರೈಸ್ತರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬುದ್ಧ ಭಿಕ್ಷುಗಳಿಗೆ ಹೇಳಿದ್ದು ಹೀಗೆ: ನಿನಗಾಗಿ ಕೊಂದದ್ದನ್ನು ನೀನು ನೋಡಿದ್ದರೆ, ಕೇಳಿದ್ದರೆ, ಅನುಮಾನವಾದರೂ ಇದ್ದರೆ ತಿನ್ನಬೇಡ. ಇಲ್ಲದಿದ್ದರೆ ಜೋಳಿಗೆಗೆ ಬಿದ್ದದ್ದನ್ನು ತಿನ್ನು. ಮಾಂಸ ಪೂರ್ತಿ ನಿಷೇಧಿಸು ಅಂತ ಭಿಕ್ಷು ದೇವದತ್ತ ಹಟ ಹಿಡಿದಾಗ ಬುದ್ಧ ಒಪ್ಪಲಿಲ್ಲ. ಮುಂದೆ ಮಹಾಯಾನದ ಕೆಲವು ಸೂತ್ರಗಳು ಪೂರ್ತಿ ಬೇಡ ಅಂದವು. ಬೈಬಲ್‌ನಲ್ಲಿ ಮೊದಲು ಮನುಷ್ಯನಿಗೆ ಕೊಟ್ಟದ್ದು ಕಾಳು, ಹಣ್ಣು. ಜಲಪ್ರಳಯದ ಮೇಲೆ ಮಾಂಸಕ್ಕೆ ಅನುಮತಿ. ಬೆಳಗಾವಿ ಕ್ಯಾಂಪ್ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದ ಶುಕ್ರವಾರ ಮಾಂಸ ಮಾಡುವುದಿಲ್ಲ, ಮೀನು ನಡೆಯುತ್ತದೆ. ಮಾಂಸ ಪಾಪವೆಂದಲ್ಲ, ಏಸುವಿನ ನೋವನ್ನು ನೆನೆದು ಇಷ್ಟವಾದದ್ದನ್ನು ಬಿಡುವುದು. ನಮ್ಮ ಶ್ರಾವಣಕ್ಕೆ ಹತ್ತಿರದ ಮಾತು.

ಈಗ ನಿಮ್ಮ ಮನೆಗೆ ಬರೋಣ. ಬಸವಣ್ಣ ಹುಟ್ಟಿದ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಓದಿ ಬೆಳೆದು ಕೊನೆಗೆ ಐಕ್ಯನಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿ. ಅವನ ಕಾಲದಲ್ಲಿ ಎರಡು ಕಡೆ ಪ್ರಾಣಿ ಸಾಯುತ್ತಿತ್ತು. ಒಂದು ಯಜ್ಞದ ಹೋತ, ಇನ್ನೊಂದು ಹರಕೆಯ ಕುರಿ. ಎರಡರ ಬಗ್ಗೆಯೂ ವಚನ ಇದೆ. "ಎಲೆ ಹೋತೇ, ಅಳು ಕಂಡಾ, ವೇದವನೋದಿದವರ ಮುಂದೆ ಅಳು ಕಂಡಾ" ಅಂತ ಹೋತಕ್ಕೇ ಹೇಳುತ್ತಾನೆ. ಹರಕೆಯ ಕುರಿಯ ವಚನ ಇನ್ನೂ ಚುಚ್ಚುತ್ತದೆ. ಹಬ್ಬಕ್ಕೆಂದು ತಂದ ಕುರಿ ತೋರಣಕ್ಕೆ ತಂದ ಎಲೆಯನ್ನೇ ಮೇಯುತ್ತ ನಿಂತಿದೆ. ಕೊಲ್ಲುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ, ಹೊಟ್ಟೆ ತುಂಬಿಸಿಕೊಳ್ಳುತ್ತಿದೆ. ಕೊನೆಗೆ "ಕೊಂದವರುಳಿದರೆ?" ಅಂತ ಕೇಳುತ್ತಾನೆ. ಇಲ್ಲಿ ಬಸವಣ್ಣನ ಸಿಟ್ಟು ಯಾರ ಮೇಲೆ? ದೇವರ ಹೆಸರಲ್ಲಿ ಕೊಲ್ಲುವುದರ ಮೇಲೆ. "ದಯವಿಲ್ಲದ ಧರ್ಮವದೇವುದಯ್ಯಾ" ಅಂದಾಗ ಸಕಲ ಪ್ರಾಣಿಗಳಲ್ಲೂ ದಯೆ ಬೇಕು ಅಂದ. ನಿಮ್ಮ ಮನೆಯಲ್ಲಿ ಮಾಂಸ ಬೇಡ ಅನ್ನುವುದರ ಬೇರು ಇದು. ಮೈಮೇಲೆ ಲಿಂಗ ಕಟ್ಟಿಕೊಂಡವನು, ಉಣ್ಣುವುದನ್ನೆಲ್ಲ ಲಿಂಗಕ್ಕೆ ಅರ್ಪಿಸಿಯೇ ಉಣ್ಣುವವನು, ಕೊಂದದ್ದನ್ನು ಹೇಗೆ ಅರ್ಪಿಸುತ್ತಾನೆ? ಇದರಲ್ಲಿ ದೇವರ ಸಿಟ್ಟಿನ ಮಾತೇ ಇಲ್ಲ.

ಹಾಗಾದರೆ ಕಣ್ಣಪ್ಪ? ಕಥೆಯನ್ನು ಪೂರ್ತಿ ನೆನಪು ಮಾಡಿಕೊಳ್ಳಲಿ. ಕಾಳಹಸ್ತಿಯ ಕಾಡಿನ ಬೇಡ ಅವನು. ಬಾಯಲ್ಲಿ ನೀರು ತುಂಬಿ ತಂದು ಲಿಂಗಕ್ಕೆ ಅಭಿಷೇಕ ಮಾಡಿದ. ತಲೆಗೂದಲಲ್ಲಿ ಹೂ ಸಿಕ್ಕಿಸಿಕೊಂಡು ತಂದ. ಖಂಡವನ್ನು ಸುಟ್ಟು, ಕಚ್ಚಿ ರುಚಿ ನೋಡಿ, ಚೆನ್ನಾಗಿದ್ದ ತುಂಡನ್ನು ಕೊಟ್ಟ. ದಿನಾ ಮಡಿಯಲ್ಲಿ ಪೂಜೆ ಮಾಡುವ ಅರ್ಚಕ ಬಂದು ನೋಡಿ ಹೌಹಾರಿದ, ಎಲ್ಲ ತೊಳೆದು ಮತ್ತೆ ಪೂಜೆ ಮಾಡಿದ. ಶಿವ ಆ ಅರ್ಚಕನ ಪೂಜೆಯನ್ನೂ ಬೇಡ ಅನ್ನಲಿಲ್ಲ. ಮರೆಯಲ್ಲಿ ನಿಂತು ನೋಡು ಅಂದ. ಲಿಂಗದ ಕಣ್ಣಲ್ಲಿ ರಕ್ತ ಬಂತು, ಬೇಡ ತನ್ನ ಕಣ್ಣು ಕಿತ್ತು ಇಟ್ಟ. ಎರಡನೆಯ ಕಣ್ಣಲ್ಲೂ ಬಂತು. ಕಿತ್ತ ಮೇಲೆ ಕುರುಡನಾಗುತ್ತೇನೆ, ಜಾಗ ಕಾಣುವುದಿಲ್ಲ ಅಂತ ಲಿಂಗದ ಮೇಲೆ ಗುರುತಿಗೆ ಕಾಲಿಟ್ಟ.

ಕಣ್ಣಪ್ಪ ತಾನು ಉಣ್ಣುವುದರಲ್ಲಿ ಒಳ್ಳೆಯದನ್ನು ಕೊಟ್ಟ, ಕಡೆಗೆ ತನ್ನನ್ನೇ ಕೊಟ್ಟ. ಅವನ ಮನೆಯ ಊಟ ಅದೇ ಆಗಿತ್ತು. ಅರ್ಚಕನ ಮನೆಯ ಊಟ ಬೇರೆ. ಕಣ್ಣಪ್ಪನ ಹೆಸರು ಹೇಳಿ ಮಾಂಸ ತಿನ್ನಬೇಕೆಂದರೆ ಅವನಂತೆ ಕಣ್ಣನ್ನೂ ಕೊಡಬೇಕಾಗುತ್ತದೆ, ಅದನ್ನು ಯಾರೂ ಕೇಳುವುದಿಲ್ಲ ನೋಡಿ! ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಕಣ್ಣಪ್ಪನನ್ನು ಪುರಾತನರ, ಅಂದರೆ ಹಳೆಯ ಶಿವಭಕ್ತರ, ಸಾಲಿನಲ್ಲಿ ಕೂರಿಸಿದ ಪರಂಪರೆ, ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವ ಉಂಡ ಅಂತ ಹಾಡಿದ ಪರಂಪರೆ, ಮಾಂಸ ತಿನ್ನುವವರನ್ನು ಕೀಳು ಅನ್ನಲು ಅವಕಾಶ ಕೊಡುವುದಿಲ್ಲ. "ನಾವು ತಿನ್ನುವುದಿಲ್ಲ" ಅನ್ನುವುದು ಬಸವಣ್ಣನ ದಾರಿ. "ಅವರು ತಿನ್ನುವವರು, ದೂರ ಇರಿ" ಅನ್ನುವುದು ಬಸವಣ್ಣ ಯಾವುದನ್ನು ಬಿಟ್ಟು ಹೊರಬಂದನೋ ಆ ದಾರಿ. ನಮ್ಮಲ್ಲಿ ಎರಡನ್ನೂ ಕಲಸಿಬಿಟ್ಟಿದ್ದಾರೆ. 2021ರ ಡಿಸೆಂಬರ್‌ನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಆದ ಗಲಾಟೆಯಲ್ಲೂ ಇದೇ ಕಂಡಿತು. ಬೇಡದ ಮಕ್ಕಳಿಗೆ ಬಾಳೆಹಣ್ಣು ಇತ್ತು. ನನ್ನ ಮಗುವಿಗೆ ಬೇಡ ಅನ್ನುವುದು ಸರಿ. ಪಕ್ಕದ ಮಗುವಿಗೂ ಬೇಡ ಅನ್ನುವುದಕ್ಕೆ ಯಾವ ವಚನದ ಆಧಾರವೂ ನನಗೆ ಕಾಣಲಿಲ್ಲ.

ಮಗನಿಗೆ ನೇರವಾಗಿ ಹೇಳಿ: ನಮ್ಮ ಹಿರಿಯರು ದಯೆಯ ಕಾರಣಕ್ಕೆ ಬಿಟ್ಟರು, ನಾನೂ ಅದಕ್ಕೇ ಬಿಟ್ಟಿದ್ದೇನೆ, ನೀನೂ ಬಿಟ್ಟರೆ ನನಗೆ ಸಂತೋಷ. ಹೆದರಿಸಬೇಡಿ. ಹೆದರಿಕೆಯಿಂದ ಬಿಟ್ಟದ್ದನ್ನು ಹುಡುಗರು ಬೆಂಗಳೂರಿಗೆ ಕೆಲಸಕ್ಕೆ ಹೋದ ತಿಂಗಳಲ್ಲೇ ಶುರು ಮಾಡುತ್ತಾರೆ. ಅವನು ಹಾಲು, ಚರ್ಮದ ಚಪ್ಪಲಿ, ರೇಷ್ಮೆ ಸೀರೆಯ ಬಗ್ಗೆ ತಿರುಗಿ ಕೇಳಬಹುದು. ಕೇಳಲಿ. ರೇಷ್ಮೆಗೆ ಹುಳು ಸಾಯುತ್ತದೆ ಅನ್ನುವುದು ನಿಜವೇ. ದಯೆ ಅಂತ ಶುರು ಮಾಡಿದ ಮೇಲೆ ಅದಕ್ಕೂ ಉತ್ತರ ಹುಡುಕಬೇಕಾಗುತ್ತದೆ.

ಬಕ್ರೀದ್ ಊಟಕ್ಕೆ ಧಾರಾಳವಾಗಿ ಕಳಿಸಿ. ಹೋಗುವ ಮುಂಚಿನ ದಿನವೇ "ನಾನು ತಿನ್ನುವುದಿಲ್ಲ" ಅಂತ ಫೋನ್ ಮಾಡಿ ಹೇಳಲಿ, ಅಲ್ಲಿ ಹೋಗಿ ಕೂತ ಮೇಲೆ ಹೇಳಿದರೆ ಆ ಮನೆಯ ತಾಯಿಗೆ ಮುಜುಗರ. ಬೇರೆ ಪಾತ್ರೆಯಲ್ಲಿ ಪಲ್ಲೆ, ಅನ್ನ ಮಾಡಿಡುತ್ತಾರೆ, ಅಥವಾ ಲಿಂಗಾಯತ ಖಾನಾವಳಿಯಿಂದ ತರಿಸುತ್ತಾರೆ. ಅದೂ ಕಷ್ಟ ಅನ್ನಿಸಿದರೆ ಹಣ್ಣು, ಸಿಹಿ, ಚಹಾ ತಗೊಂಡು ಬರಲಿ. ನಾಲ್ವರೂ ನಿಮ್ಮ ಮನೆಗೆ ಬಂದಾಗ ಎರಡು ಸಂಗತಿ ನೆನಪಿಡಿ. ಜೈನರ ಹುಡುಗನಿಗೆ ಹೊತ್ತು ಮುಳುಗುವ ಮುಂಚೆ ಬಡಿಸಿ, ಅವನ ಪಲ್ಲೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಹಾಕಬೇಡಿ. ಶೇಂಗಾ ಚಟ್ನಿ ಮಾಡುವಾಗ ಬೆಳ್ಳುಳ್ಳಿ ಕೈತಪ್ಪಿ ಬಿದ್ದಿರುತ್ತದೆ, ನೋಡಿಕೊಳ್ಳಿ. ಮುಸ್ಲಿಂ ಹುಡುಗನಿಗೆ ನಿಮ್ಮ ಊಟದಲ್ಲಿ ತೊಂದರೆ ಏನಿಲ್ಲ. ಆದರೆ ದೇವರ ಮುಂದೆ ಎಡಿ ಹಿಡಿದದ್ದನ್ನು ಉಣ್ಣಲು ಕೆಲವರು ಹಿಂಜರಿಯುತ್ತಾರೆ. ಅವನ ಪಾಲಿನ ಹೋಳಿಗೆಯನ್ನು ಎಡಿ ಹಿಡಿಯುವ ಮುಂಚೆಯೇ ಬೇರೆ ತೆಗೆದಿಡಿ.